ನಾಲ್ಕನೇ ಕ್ಯಾಮೆರಾದ ಮೂವತ್ತು ದಿನ

ಮಾರ್ಚ್ 4

ಬೆಳಗ್ಗೆ ಎರಡು ಅಂಗಡಿಗೆ ಕ್ಯಾಮೆರಾ ಫಿಟ್ ಮಾಡಿದೆ. ಏಣಿ ಹತ್ತಿ ಇಳಿದು ಕಾಲು ಸೋತುಹೋಗಿದೆ. ಮಧ್ಯಾಹ್ನ ಆಸ್ಪತ್ರೆ. ಅಣ್ಣನ ಬಲಗೈಲಿ ಮೂರು ಬೆರಳಿಲ್ಲ. ಮೊನ್ನೆ ಬೆಳಗ್ಗೆ ಇದ್ವು.

ಫ್ಯಾಕ್ಟರಿ ಓನರ್ ಹಣ್ಣು ಹಿಡ್ಕೊಂಡು ಬಂದಿದ್ದ. "ಪ್ರೆಸ್ ಮೆಷಿನ್ನಿಗೆ ಕೈ ಸಿಗ್ದಿರ್ಲಿ ಅಂತ ಹಾಕಿದ್ದ ಜಾಲಿ ನಿಮ್ಮಣ್ಣನೇ ಬಿಚ್ಚಿದ್ದು ಕಣಮ್ಮಾ. ಹಣೆಬರಹ, ಏನ್ಮಾಡೋದು."

ಕ್ಯಾಮೆರಾ ಇದೆಯಲ್ಲ ಅಂದೆ.

"ಅದು ಕೆಟ್ಟು ತಿಂಗಳಾಯ್ತು."

ಕೆಟ್ಟಿತ್ತಂತೆ. ಹಾಕಿದ್ದು ನಾನು. ನಾಲ್ಕನೇ ನಂಬರ್, ಪ್ರೆಸ್ ನೆತ್ತಿ ಮೇಲೆ.

ಮಾರ್ಚ್ 6

ರೆಕಾರ್ಡಿಂಗ್ ಡಬ್ಬಿ ಕಿತ್ತು ಗುಜರಿಗೆ ಹಾಕಿದಾನೆ ಓನರ್ ಕಳ್ಳ. ಕಾಪಿ ಕ್ಲೌಡಿಗೆ ಹೋಗುತ್ತೆ, ಅಲ್ಲಿ ಮೂವತ್ತು ದಿನ ಇದ್ದು ಆಮೇಲೆ ತಾನೇ ಅಳಿಯುತ್ತೆ — ಅದು ಗೊತ್ತಿಲ್ಲ ದಡ್ಡನಿಗೆ. ಫಿಟ್ ಮಾಡುವಾಗ ಟೆಸ್ಟಿಗೆ ನಮ್ಮ ಫೋನ್ ನಂಬರ್ ಹಾಕಿ ಲಾಗಿನ್ ಆಗ್ತೀವಿ. ಕೆಲಸ ಮುಗಿದ್ಮೇಲೆ ತೆಗೀಬೇಕು. ಯಾರೂ ತೆಗೆಯಲ್ಲ. ನಾನೂ ತೆಗೆದಿರಲಿಲ್ಲ.

ಒಳಗೆ ಹೋದೆ. ಮಾರ್ಚ್ 2, 11:20. ನೋಡಿದೆ.

ಏನು ನೋಡಿದೆ ಅಂತ ಬರೆಯಲ್ಲ.

ಮಾರ್ಚ್ 9

ಲಾಯರ್ ಮೇಡಂ ಉಗಿದ್ರು. ವಿಡಿಯೋಲಿ ಎರಡು ನಿಮಿಷ ಕಟ್ ಮಾಡಿ, ಫ್ಯಾಕ್ಟರಿ ಸೂಪರ್‌ವೈಸರ್ ಸುತ್ತ ಕೆಂಪು ರೌಂಡ್ ಹಾಕಿ ಅವರಿಗೆ ವಾಟ್ಸಾಪ್ ಮಾಡಿದ್ದೆ.

"ಎಷ್ಟು ಓದಿದೀಯ?"

"ಎಂಟನೇ ಕ್ಲಾಸ್. ಯಾಕೆ?"

"ಗೀಟು ಹಾಕೋದೊಂದೇ ಕಲ್ತಿದೀಯ. ನೀನೇ ತಯಾರು ಮಾಡಿದ್ದು ಅಂತಾರೆ ಇದನ್ನ. ಒರಿಜಿನಲ್ ಇದ್ದಲ್ಲೇ ಇರ್ಲಿ. ಇನ್ನು ಲಾಗಿನ್ ಆಗಿ ಆ ಕಡೆ ತಲೆ ಹಾಕ್ಬೇಡ. ಓನರ್ ಹತ್ರ ಬಾಯಿ ಬಿಟ್ಟೆಯೋ, ಮರುನಿಮಿಷ ಅಳಿಸ್ತಾನೆ."

ವಿಡಿಯೋ ಓನರ್ ಮುಖಕ್ಕೇ ಹಿಡೀಬೇಕು ಅಂತಿದ್ದೆ. ಹಲ್ಲು ಕಚ್ಕೊಂಡು ಬಂದೆ.

ಮಾರ್ಚ್ 19

ಸ್ಟೇಷನ್. ಕಂಪ್ಲೇಂಟ್ ಕೊಡೋಕೆ ಮೂರನೇ ಸಲ. ಅದೇ ಬೆಂಚು. "ಈ ಕ್ಲೌಡು ಯಾವ ಸ್ಟೇಷನ್ ಲಿಮಿಟ್ಟಿಗೆ ಬರುತ್ತಮ್ಮಾ?" ಅಂತಾನೆ ಪೊಲೀಸಪ್ಪ, ಹಲ್ಲಲ್ಲಿ ಕಡ್ಡಿ ಆಡಿಸ್ತಾ. ಹೊರಗೆ ಬಂದು ಕಾಂಪೌಂಡಿಗೆ ಒದ್ದೆ. ಕಾಲುಬೆರಳು ಊದಿದೆ. ಇರ್ಲಿ, ನನಗೆ ಬೆರಳಾದ್ರೂ ಇದೆ.

ಮೇಡಂ ಹೇಳಿದ್ರು — ಬಿಡು, ಕೋರ್ಟಿಗೇ ಹೋಗೋಣ.

ಮಾರ್ಚ್ 27

ಓನರ್ ಮನೆಗೇ ಬಂದ. ಪೇಪರ್ ತಂದಿದ್ದ. 'ನನ್ನ ತಪ್ಪಿನಿಂದಲೇ ಆಯ್ತು' ಅಂತ ಅಣ್ಣನ ಹೆಸರಲ್ಲಿ ಟೈಪ್ ಮಾಡಿಸ್ಕೊಂಡು.

ಅಮ್ಮ ಪೆನ್ ಹುಡುಕಿದ್ಲು. "ಸೈನ್ ಹಾಕ್ಬಿಡೋ ಮಗನೇ, ಕೆಲಸನಾದ್ರೂ ಉಳಿಯುತ್ತೆ."

ಅಣ್ಣ ಕಟ್ಟಿದ ಕೈ ಮುಂದೆ ಮಾಡಿದ. "ಯಾವ ಬೆರಳಲ್ಲಿ ಹಾಕ್ಲಿ ಸಾರ್?"

ನನ್ನ ಜೇಬಲ್ಲಿ ಫೋನು, ಫೋನಲ್ಲಿ ವಿಡಿಯೋ. ನಾಲಿಗೆ ಕಚ್ಚಿ ರಕ್ತ ಬಂತು.

ಮಾರ್ಚ್ 30, ಸಂಜೆ 5

ಕೋರ್ಟ್ ಆರ್ಡರ್ ಸಿಕ್ತು. ಮೇಡಂ ಮೊದಲು ಕ್ಲೌಡ್ ಕಂಪನಿಗೆ ಕಳಿಸಿದ್ರು — ಅಳಿಸಬೇಡಿ, ಲಾಕ್ ಮಾಡಿ. ಓನರಿಗೆ ಕಾಪಿ ನಾಳೆ. ಕಂಪನಿ ಉತ್ತರ: 'ಮನವಿ ತಲುಪಿದೆ.' ಅಷ್ಟೇ. ನಾಡಿದ್ದು 11:20ಕ್ಕೆ ಮೂವತ್ತು ದಿನ...

ಏಪ್ರಿಲ್ 1, ಬೆಳಗ್ಗೆ 11:25

ಇದೆಯೋ ಹೋಯ್ತೋ ಗೊತ್ತಿಲ್ಲ. ಒಳಗೆ ಹೋಗಿ ನೋಡಂಗಿಲ್ಲ. ಫೋನ್ ಅಣ್ಣನ ದಿಂಬಿನ ಕೆಳಗೆ ಇಟ್ಟಿದೀನಿ. ನಾನು ಕೇಳಿದ್ರೂ ಕೊಡ್ಬೇಡ ಅಂದಿದೀನಿ. ಎರಡು ಸಲ ಕೇಳಿದೆ. ಕೊಡ್ಲಿಲ್ಲ.

ಏಪ್ರಿಲ್ 3

ಇದೆ.

30ನೇ ತಾರೀಕೇ ಲಾಕ್ ಆಗಿದೆ. ಯಾರು ಯಾವಾಗ ಒಳಗೆ ಹೋದ್ರು ಅನ್ನೋ ಲಿಸ್ಟೂ ಕಂಪನಿ ಕಳಿಸಿದೆ. ಮಾರ್ಚ್ 31, ಸಂಜೆ 4:10 — ಓನರ್, ಡಿಲೀಟ್. ಆಗ್ಲಿಲ್ಲ. 4:11, ಡಿಲೀಟ್. 4:13. ಹನ್ನೊಂದು ಸಲ ಒತ್ತಿದಾನೆ. ಕೆಟ್ಟುಹೋದ ಕ್ಯಾಮೆರಾದ ವಿಡಿಯೋನ.

ಅಣ್ಣ ನಕ್ಕ. ಅವನು ನಕ್ಕು ತಿಂಗಳಾಗಿತ್ತು.

ಲಿಸ್ಟಲ್ಲಿ ನಾನೂ ಇದೀನಿ. ಮಾರ್ಚ್ 6. ಮೇಡಂ ಅಂದ್ರು, "ಮುಚ್ಚಿಡ್ಬೇಡ. ಯಾಕೆ ಹೋದೆ, ಏನು ನೋಡಿದೆ, ನಿನ್ನ ಮಾತಲ್ಲೇ ಬರ್ಕೊಂಡು ಬಾ."

ಬರೀತೀನಿ.

11:20. ಅಣ್ಣ ಮೆಷಿನ್ ಮುಂದೆ. ಸೂಪರ್‌ವೈಸರ್ ಬಂದ. ಜಾಲಿ ಅವನೇ ಬಿಚ್ಚಿದ. ಅಣ್ಣ ಬೇಡ ಅಂತ ತಲೆ ಆಡಿಸಿದ. ಅವನು ವಾಚ್ ತೋರಿಸಿದ. ಅಣ್ಣ ಕೈ ಒಳಗೆ ಹಾಕಿದ. ಪ್ರೆಸ್ ಇಳೀತು.