ಎಡಮೂಲೆಯ ಕಪ್ಪು

ಅಂಗಡಿಯಿಂದ,
ತಾರೀಖು ಹದಿನಾಲ್ಕು, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಪಿಳಿಪಿಳಿಗೆ,

ಕೈ ಸುಟ್ಟದ್ದು ಮಾಯಿತೇ? ಬ್ರೆಡ್ಡಿನ ಟ್ರೇ ಎಳೆಯುವಾಗ ಎರಡು ಕೈಗೂ ದಪ್ಪ ಬಟ್ಟೆ ಸುತ್ತಿಕೋ ಅಂದರೆ ನಿನಗೆ ಯಾವಾಗಲೂ ಒಂದೇ ಕೈಗೆ ಸಾಕು. ಅಪ್ಪನ ಮಗಳು. ಇಲ್ಲಿ ನಾನು ಚೆನ್ನಾಗಿದ್ದೇನೆ. ಮಂಡಿ ಮಾತ್ರ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ಅಣ್ಣ, ಅತ್ತಿಗೆ, ಮಗು ಮೂವರೂ ಸೌಖ್ಯ. ಮಗುವಿಗೆ ಎರಡು ಹಲ್ಲು ಬಂದಿವೆ, ಮೊದಲು ಕಚ್ಚಿದ್ದು ನನ್ನನ್ನೇ. ಎದುರಿನ ಕಚೇರಿಗೆ ಅರ್ಜಿ ಹಾಕುವವರು ಇರುವ ತನಕ ಅಂಗಡಿಗೆ ಗುರುತಿನ ಚೀಟಿಯ ಫೋಟೋದವರು ತಪ್ಪುವುದಿಲ್ಲ. ಗಿರಾಕಿಗಳ ತಲೆ ಬಾಚುವುದರಿಂದ ಈ ಕಸುಬಿಗೆ ಬಂದವಳು ನಾನು. ಈಗ ಬಾಚುವವಳೂ ನಾನೇ, ಬಟನ್ ಒತ್ತುವವಳೂ ನಾನೇ, "ಇದು ನನ್ನ ಮುಖಾನೇ ಅಲ್ಲ" ಅಂದವರ ಹತ್ತಿರ ಜಗಳ ಆಡುವವಳೂ ನಾನೇ. ಮೊದಲು ಜಗಳದ ಖಾತೆ ನಿನ್ನಪ್ಪನದು. "ನಿಮ್ದೇ ಸ್ವಾಮಿ, ಬೇಕಾದ್ರೆ ಮನೇಲಿ ಕೇಳ್ಕೊಂಡ್ ಬನ್ನಿ" ಎಂದು ಮುಖ ಗಂಟಿಕ್ಕಿ ಹೇಳಿ ಕಳಿಸುತ್ತಿದ್ದರು. ಮೊನ್ನೆ ಅದೇ ಮಾತು ಹೇಳಲು ಹೋದೆ, ಅರ್ಧಕ್ಕೆ ಬಿಟ್ಟು ಸೆರಗಿನಿಂದ ಮುಖ ಒರೆಸಿಕೊಂಡೆ. ಆ ಗಿರಾಕಿ ಪಾಪ, ತನ್ನದೇ ಮುಖ ಎಂದು ಒಪ್ಪಿಕೊಂಡು ಹೋದ.

ಅಪ್ಪ ಬಿಟ್ಟುಹೋದ ಕೆಲಸಗಳೂ ಬರುತ್ತಿರುತ್ತವೆ. ದೂರದಲ್ಲಿರುವವರಿಗೆಂದು ನಡುವೆ ಒಬ್ಬರು ನಿಲ್ಲುವಷ್ಟು ಜಾಗ ಬಿಟ್ಟು ಮನೆಮಂದಿಯ ಫೋಟೋ ತೆಗೆದು, ಆಮೇಲೆ ಅವರದ್ದನ್ನು ಬೇರೆ ತರಿಸಿ ಅಲ್ಲಿ ಕೂರಿಸುವುದು ಅವರ ಪದ್ಧತಿ ಅಲ್ಲವೇ? ಹಾಗೆ ಜಾಗ ಬಿಟ್ಟ ಒಂದನ್ನು ಮೂವರು ಅಣ್ಣತಮ್ಮಂದಿರು ತಂದರು. ಕೊನೆಯ ತಮ್ಮ ಹಡಗಿನ ಕೆಲಸದವನು, ಸೇರಿಸಿಕೊಡಿ ಅಂದರು. ಸೇರಿಸಿದೆ. ಅವನು ಅಣ್ಣಂದಿರಿಗಿಂತ ಒಂದು ಗೇಣು ಎತ್ತರವಾದ, ಕಾಲು ನೆಲಕ್ಕೆ ತಾಗಲಿಲ್ಲ. "ಹಡಗಿಳಿದ್ರೂ ಇನ್ನೂ ತೇಲ್ತಾ ಇದಾನೆ, ಇರ್ಲಿ ಬಿಡಿ" ಎಂದು ಅವರೇ ನಕ್ಕು ತೆಗೆದುಕೊಂಡು ಹೋದರು. ಅಪ್ಪ ಇದ್ದಿದ್ದರೆ ಮೂರು ದಿನ ನನ್ನ ಮಾನ ಕಳೆಯುತ್ತಿದ್ದರು.

ನಿನ್ನ ಕಾಗದ ಬಂತು. ಫೋನಿನಲ್ಲಿ ನಮ್ಮಿಬ್ಬರಿಗೂ ಮಾತು ಹೊರಡುವುದಿಲ್ಲ, ನೀನು ಬರೆದದ್ದು ಒಳ್ಳೆಯದಾಯಿತು. ಎರಡು ಕೇಳಿದ್ದೀ. ಅಪ್ಪನ ಕೊನೆಯ ಫೋಟೋ ಕಳಿಸು ಅಂತ ಒಂದು. ಕೊನೆಯ ತನಕ ಸಿಟ್ಟು ಇಟ್ಟುಕೊಂಡೇ ಹೋದರಾ ಅಂತ ಇನ್ನೊಂದು. ಅಂಗಡಿ ಬೇಡ, ಬೇಕರಿ ಕೆಲಸವೇ ಬೇಕು ಎಂದು ನೀನು ಹೊರಟ ದಿನ ಬಾಗಿಲಲ್ಲಿ ನಿಂತು ಅವರು "ಹೋಗು, ಇನ್ನು ಈ ಮನೆ ಫೋಟೋದಲ್ಲಿ ನಿನಗೆ ಜಾಗ ಇಲ್ಲ" ಅಂದದ್ದನ್ನು ಒಂದಕ್ಷರ ಬಿಡದೆ ಬರೆದಿದ್ದೀ. ಮರೆತಿರುತ್ತೀ ಅಂದುಕೊಂಡಿದ್ದೆ. ಅವರು ಹೋದ ಸುದ್ದಿ ಹೇಳಿದಾಗಲೂ ನೀನು "ಬಂದು ಯಾರ ಮುಖ ನೋಡ್ಲಿ ಅಮ್ಮಾ" ಅಂದೆ, ಬರಲಿಲ್ಲ. ಮುಖದ ಕಥೆಯೇ ಈಗ ಹೇಳಬೇಕಾದದ್ದು.

ಊರಿನ ಅರ್ಧ ಜನರ ಮುಖ ತೆಗೆದ ಮನುಷ್ಯನಿಗೆ ತನ್ನದೊಂದು ನೆಟ್ಟಗಿನ ಫೋಟೋ ಇಲ್ಲ. ದೀಪದ ಬುಡ ಕತ್ತಲೆ. ಹಳೆಯ ಗುರುತಿನ ಚೀಟಿಯಲ್ಲಿ ಒಂದಿದೆ, ಅದರಲ್ಲಿ ಮೂಗಿನಿಂದ ಗದ್ದದವರೆಗೆ ಕಚೇರಿಯ ಮೊಹರು ಕೂತಿದೆ. ಉಳಿದದ್ದು ಮಗುವನ್ನು ಆಸ್ಪತ್ರೆಯಿಂದ ತಂದ ದಿನ ಅಂಗಡಿಯ ಮುಂದೆ ತೆಗೆದದ್ದು. ಆ ತಿಂಗಳೇ ಅವರು ಹೋದರು. ಟೈಮರ್ ಇಟ್ಟು ಓಡಿ ಬಂದು ನಿಲ್ಲಲು ಕಾಲು ಕೇಳುತ್ತಿರಲಿಲ್ಲ, ಅದಕ್ಕೆ ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಏರಿಸಿ, ಬಟನ್ ಒತ್ತಲು ಪಕ್ಕದ ಟೀ ಅಂಗಡಿಯವನನ್ನು ಕರೆದರು. ಈಗ ನಿನಗೆ ಕಳಿಸೋಣವೆಂದು ಅದನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿದೆ. ಬಲಕ್ಕೆ ಮಗು ಎತ್ತಿಕೊಂಡ ಅತ್ತಿಗೆ, ಅವಳ ಪಕ್ಕ ನಾನು, ನನ್ನಿಂದ ದೂರಕ್ಕೆ ಮಾತು ಬಿಟ್ಟವನ ಹಾಗೆ ಅಣ್ಣ, ಅವನ ಆಚೆ ಎಡತುದಿಯಲ್ಲಿ ಒಂದು ಅಂಗಿ, ನಾಲ್ಕು ಗುಂಡಿ, ಇಳಿಬಿಟ್ಟ ಎರಡು ಕೈ. ಭುಜದಿಂದ ಮೇಲೆ ಬರೀ ಕಪ್ಪು. ಅಂದೇ ಯಾಕೆ ನೋಡಲಿಲ್ಲ ಅನ್ನಬೇಡ. ಗುಂಪಿನ ಫೋಟೋದಲ್ಲಿ ಪ್ರತಿಯೊಬ್ಬರೂ ನೋಡುವುದು ತಮ್ಮ ಮುಖವನ್ನೇ. ಇಷ್ಟು ವರ್ಷದ ವ್ಯಾಪಾರದಲ್ಲಿ ಇದಕ್ಕೆ ತಪ್ಪಿದವರನ್ನು ನಾನು ಕಂಡಿಲ್ಲ, ನಾನೂ ಸೇರಿ.

ಮೊದಲು ಟೀ ಅಂಗಡಿಯವನನ್ನು ಹಿಡಿದೆ. ಬೆರಳು ಅಡ್ಡ ಇಟ್ಟೆಯಲ್ಲಯ್ಯಾ ಎಂದು ಬೈದೆ. ಅವನು "ಅಕ್ಕಾ, ನನ್ನ ಬೆರಳು ಇಷ್ಟು ದಪ್ಪ ಇದ್ದಿದ್ರೆ ಲೋಟ ಹಿಡಿಯೋಕಾಗ್ತಿತ್ತಾ? ಕಣ್ಣಿಟ್ಟು ನೋಡ್ದಾಗ್ಲೇ ಮೂಲೇಲಿ ಕಪ್ಪಗಿತ್ತು. ನಿಮ್ ಕ್ಯಾಮೆರಾ ಇರೋದೇ ಹಂಗೆ ಅನ್ಕೊಂಡೆ" ಅಂದ. ಲೆನ್ಸ್ ಒರೆಸಿದೆ, ಕಾರ್ಡ್ ಬದಲಾಯಿಸಿದೆ, ಬ್ಯಾಟರಿಯನ್ನೂ ಬದಲಾಯಿಸಿದೆ. ತಲೆನೋವಿಗೆ ಚಪ್ಪಲಿ ಬದಲಾಯಿಸಿದ ಹಾಗೆ. ಗಿರಾಕಿ ಕೂರುವ ಸ್ಟೂಲಿನ ಹಿಂದಿನ ಗೋಡೆಯ ಫೋಟೋ ತೆಗೆದರೆ ಮೂಲೆ ಮೂಲೆಯೂ ಶುಭ್ರ. ನನಗೇ ಸಂಶಯ ಬಂದು ಕ್ಯಾಮೆರಾವನ್ನು ಚೀಲಕ್ಕೆ ಹಾಕಿಕೊಂಡು ಸ್ಕ್ರೂ ಮಾಮನ ರಿಪೇರಿ ಅಂಗಡಿಗೆ ಹೋದೆ. ನೀನು ಚಿಕ್ಕವಳಿದ್ದಾಗ ಇಟ್ಟ ಹೆಸರು ಅವನಿಗೆ ಗಟ್ಟಿಯಾಗಿಬಿಟ್ಟಿದೆ, ಬೋರ್ಡಿನಲ್ಲೂ ಅದೇ ಬರೆಸಿಕೊಂಡಿದ್ದಾನೆ.

"ಕಣ್ಣಿಟ್ಟು ನೋಡಿದ್ರೂ ಕಪ್ಪು, ಫೋಟೋದಲ್ಲೂ ಕಪ್ಪು ಅಂದ್ರೆ ಒಳಗಿನ ಧೂಳಲ್ಲ ಅಕ್ಕಾ, ಅದು ಫೋಟೋದಲ್ಲಿ ಮಾತ್ರ ಬೀಳುತ್ತೆ. ಮೂತಿ ಮುಂದೇನೇ ಏನೋ ಅಡ್ಡ ಇದೆ" ಎಂದು ಜೂಮ್ ತಿರುಗಿಸಿ ನನ್ನ ಕಣ್ಣಿಗೆ ಹಿಡಿದ. ಹತ್ತಿರಕ್ಕೆ ಎಳೆದಾಗ ಏನೂ ಇಲ್ಲ. ಅಗಲಕ್ಕೆ ಬಿಟ್ಟಂತೆ ಎಡಗಡೆ ಮೇಲಿನಿಂದ ಒಂದು ಕಪ್ಪು ಇಳಿಯಿತು, ಬಲಗಡೆ ಕೆಳಗಿನಿಂದ ಇನ್ನೊಂದು ಹತ್ತಿತು. ನಮ್ಮ ಫೋಟೋದಲ್ಲಿ ಆ ಎರಡನೆಯದು ಅತ್ತಿಗೆಯ ಚಪ್ಪಲಿ ತಿಂದಿದೆ, ಅದನ್ನು ಯಾರು ಕೇಳುತ್ತಾರೆ. ಅಂಗಡಿಯಲ್ಲಿ ನಾವು ತೆಗೆಯುವುದೆಲ್ಲ ಒಂದೊಂದೇ ಮುಖ, ಹತ್ತಿರದಿಂದ. ನಾಲ್ಕು ಜನರನ್ನು ಒಟ್ಟಿಗೆ ಸೇರಿಸಲು ಹೋದರೆ ಮಾತ್ರ ಈ ಕತ್ತಲೆ. ಬೆಳಕು ಅಡ್ಡ ಬೀಳದಂತೆ ಲೆನ್ಸಿನ ಮುಂದೆ ಹಾಕುವ ಕರಿ ಟೋಪಿ ಇದೆಯಲ್ಲ, ಎರಡು ಎಸಳು ಉದ್ದ, ಎರಡು ಗಿಡ್ಡ? ಉದ್ದದವು ಮೇಲಕ್ಕೂ ಕೆಳಕ್ಕೂ ನೆಟ್ಟಗೆ ನಿಲ್ಲಬೇಕು. ನಮ್ಮದರಲ್ಲಿ ಓರೆಯಾಗಿ ಮೂಲೆಗಳಿಗೆ ತಿರುಗಿದ್ದವು. ಸರಿಮಾಡಲು ಹೋದರೆ ಅಲುಗಲಿಲ್ಲ. "ಯಾರಕ್ಕಾ ಇದು, ಸೊಟ್ಟಕ್ಕೆ ಅಂಟು ಹಾಕಿ ಕೂರ್ಸಿರೋದು?" ಅಂದ.

ಯಾರು ಎಂದು ಹೇಳಲಿ. ಅದು ಸಡಿಲವಾಗಿ ಗಿರಾಕಿಗಳ ತೊಡೆಯ ಮೇಲೆ ಬೀಳುತ್ತದೆ ಎಂದು ನಾನು ದಿನಾ ಗೊಣಗುತ್ತಿದ್ದೆ. ಒಂದು ಮಧ್ಯಾಹ್ನ ಅಂಟಿನ ಟ್ಯೂಬ್ ಹಿಡಿದು ಕೂತರು. ಆಗಲೇ ಕೈ ನಡುಗುತ್ತಿತ್ತು. ನಾನು ಹಿಡಿದುಕೊಳ್ಳಲು ಹೋದರೆ ಬಿಡಲಿಲ್ಲ. ಮುಗಿಸಿ "ಇನ್ನು ಬಿದ್ರೆ ಕೇಳು" ಅಂದರು. ಬೀಳಲಿಲ್ಲ ಮಗಳೇ. ಸ್ಕ್ರೂ ಮಾಮ ಬ್ಲೇಡು ತೆಗೆದು "ಐದೇ ನಿಮಿಷ" ಅಂದ. ನಾನು ಕ್ಯಾಮೆರಾವನ್ನು ಕೈಯಿಂದ ಕಿತ್ತುಕೊಂಡೆ. ಒಣಗಿದ ಅಂಟಿನ ಮೇಲೆ ಹೆಬ್ಬೆರಳಿನ ಗೆರೆಗಳು ಮೂಡಿವೆ. ಮುಖವಂತೂ ಇಲ್ಲ, ಬೆರಳಾದರೂ ಇರಲಿ. ಒಂದೊಂದೇ ಮುಖ ತೆಗೆಯಲು ಅದರಿಂದ ತೊಂದರೆಯೂ ಇಲ್ಲ.

ಫೋಟೋವನ್ನು ಇದ್ದ ಹಾಗೆಯೇ ಇದರ ಜೊತೆ ಇಟ್ಟಿದ್ದೇನೆ. ಅಣ್ಣ, ಅತ್ತಿಗೆ ನೆನಪು ಹೇಳಿದ್ದಾರೆ. ಮಗು ಕಾಗದದ ತುದಿ ಕಚ್ಚಿದೆ, ಅದೂ ನೆನಪೇ ಎಂದು ತಿಳಿ. ಹೊಟ್ಟೆ ತುಂಬ ಉಣ್ಣು, ಒಲೆಯ ಹತ್ತಿರ ಹುಷಾರು. ಎಲ್ಲಿದ್ದರೂ ತಣ್ಣಗಿರು.

ನಿನ್ನ
ಅಮ್ಮ

ತಾ.ಕ.: ಅಂಚೆಗೆ ಹೊತ್ತಾಯಿತು, ಎರಡನೆಯ ಪ್ರಶ್ನೆ ಹಾಗೇ ಉಳಿಯಿತು. ಫೋಟೋದಲ್ಲಿ ಎಡಗಡೆ ಹುಡುಕಬೇಡ, ನಡುವೆ ನೋಡು. ಅಣ್ಣ ನನಗೆ ಒತ್ತಿಕೊಂಡೇ ನಿಂತಿದ್ದ. "ಸರಿಯೋ ಆಕಡೆ, ಅಲ್ಲಿ ನಿಲ್ಬೇಡ" ಎಂದು ಅಪ್ಪನೇ ಅವನ ತೋಳು ಹಿಡಿದು ದೂರ ಮಾಡಿದರು. ಹಾಗೆ ಸರಿಸಿ ಸರಿಸಿ ತಮಗೆ ಜಾಗ ಸಾಲದೆ ತುದಿಗೆ ಹೋಗಿ ನಿಂತರು. ತೆಗೆದ ಮೇಲೆ ಕ್ಯಾಮೆರಾದ ಪುಟ್ಟ ಪರದೆಯನ್ನು ಬಹಳ ಹೊತ್ತು ನೋಡಿದವರು ಅವರೊಬ್ಬರೇ. ತಮ್ಮ ಮುಖ ಇಲ್ಲದ್ದು ಅವರಿಗೆ ಕಾಣಲಿಲ್ಲ. "ಸರಿಯಾಗಿ ಬಂದಿದೆ, ಸಾಕು" ಅಂದರು. ಅಲ್ಲಿಗೆ ಕೂರಿಸಲು ನಿನ್ನ ಫೋಟೋ ಕಳಿಸಬೇಡ, ನನ್ನ ಕೈಯಲ್ಲಿ ನೀನೂ ತೇಲುತ್ತೀ. ನೀನೇ ಬಾ. ಬಂದ ದಿನ ಸ್ಕ್ರೂ ಮಾಮನಿಂದ ಟೋಪಿ ಬಿಡಿಸಿ ಎಲ್ಲರೂ ನಿಲ್ಲೋಣ. ಎಡತುದಿಯಲ್ಲಿ ಒಬ್ಬರು ನಿಲ್ಲುವಷ್ಟು ಜಾಗ ಬಿಡಬೇಕು, ನನಗೆ ಮರೆತರೆ ನೀನು ನೆನಪಿಸು.