ಬಳೆ ಬಿಚ್ಚಿ, ಪ್ಲಗ್ ಕಿತ್ತು

ಗುರುವಾರ, 12 ಫೆಬ್ರವರಿ

ನಾನು ಪಾಸಾದೆ! ನಮ್ಮ ಬಡಗಿ ಶೆಡ್ಡಿನಲ್ಲಿ ಮರ ಕೊರೆಯುವ ರೂಟರ್ ಮಿಷನ್ನಿನ ಬಿಟ್ಟನ್ನು, ಅಂದರೆ ಕೊರೆಯುವ ಅಲಗನ್ನು, ಹತ್ತಕ್ಕೆ ಹತ್ತು ಸಲ ಸರಿಯಾಗಿ ಬದಲಿಸಿದೆ. ನಾಳೆಯಿಂದ ಬಾಗಿಲುಗಳ ಅಂಚು ಕೊರೆಯುವ ಕೆಲಸ ನನ್ನದೇ ಅಂತ ತಿಮ್ಮಪ್ಪ ಮಾವ ಒಪ್ಪಿಬಿಟ್ಟರು!

ಪ್ಲಗ್ ಕೀಳಬೇಕು. ಬಿಟ್ಟನ್ನು ಮಿಷನ್ನಿನ ತೂತಿನ ತಳದವರೆಗೆ ತೂರಿಸಿ, ಎರಡು ರಾಗಿಕಾಳಿನಷ್ಟು ಮೇಲೆತ್ತಿ, ಆಮೇಲೆ ಎರಡು ಸ್ಪ್ಯಾನರ್ ಹಾಕಿ ಬಿಗಿಯಬೇಕು. ಸೋಮವಾರ ತಳಕ್ಕೇ ಒತ್ತಿ ಬಿಗಿದಿದ್ದೆ. ಓಡುವಾಗ ಬಿಟ್ ಜಾರಿ ತೇಗದ ಹಲಗೆಯಲ್ಲಿ ಕಾಲುವೆ ತೋಡಿತು. ಸುದರ್ಶನ್ ಒಂದು ಮಾತೂ ಬೈಯದೆ ಇನ್ನೊಂದು ಹಲಗೆ ತಂದಿಟ್ಟ. ಎಷ್ಟು ಮುದ್ದು ನನ್ನ ಗಂಡ! ಮದುವೆಯಾಗಿ ಇಪ್ಪತ್ತೊಂದೇ ದಿನ!

ಪ್ಲಗ್ಗಿಗೂ ಮುಂಚಿನ ನಿಯಮ ಮಾವನದು. "ಬಳೆ ಬಿಚ್ಚಿಡವ್ವ. ನೀನು ಮದುಮಗ್ಳು ಅಂತ ಮಿಸೀನ್‌ಗೆ ಗೊತ್ತಾಗಕಿಲ್ಲ."

ಬಿಚ್ಚಿದೆ, ಎರಡು ಡಜನ್ ಹಸಿರು ಗಾಜಿನ ಬಳೆ. ತಾಳಿಯನ್ನು ರವಿಕೆಯೊಳಗೆ ಸೇರಿಸಿದೆ. ಖುಷಿಯಲ್ಲಿ ಮಿಷನ್ ಹಿಡಿದ ಫೋಟೊ ಮನೆಯವರ ವಾಟ್ಸಾಪ್ ಗುಂಪಿಗೆ ಕಳಿಸಿದ್ದೇ ತಪ್ಪಾಯಿತು. ಮೈಸೂರಿನಿಂದ ಮಾವನ ಅಕ್ಕ ಲಕ್ಕತ್ತೆಯ ಫೋನು.

"ತಿಂಗ್ಳು ತುಂಬಿಲ್ಲ, ಇದೇನ್ ಹುಡ್ಗಿ ಬೋಳು ಕೈ? ನಾನೇ ಬಂದು ತೊಡುಸ್ತೀನಿ. ಅದೆಂಗ್ ಬಿಚ್ಚೀಯೋ ನೋಡೇಬುಡ್ತೀನಿ!"

ನೋಡಲಿ. ತೊಡಿಸಿಕೊಳ್ಳುತ್ತೇನೆ, ಕಾಲಿಗೂ ಬೀಳುತ್ತೇನೆ. ಅವರು ಕಾಫಿ ಮುಗಿಸುವಷ್ಟರಲ್ಲಿ ಎಲ್ಲ ಬಿಚ್ಚಿ ಡಬ್ಬಿಗೆ ಹಾಕಿ, ಅವರ ಕಣ್ಣೆದುರೇ ಪ್ಲಗ್ ಕೀಳುತ್ತೇನೆ. ನನ್ನ ಹತ್ತು ಬೆರಳೂ ನನಗೆ ಬೇಕು, ಈ ಕೆಲಸವೂ ಬೇಕು.

ಕಣ್ಣು ಎಳೆಯುತ್ತಿದೆ. ನಮ್ಮ ಹೊಳೆನರಸೀಪುರಕ್ಕೆ ಲಕ್ಕತ್ತೆ ಬರುವುದು ಭಾನುವಾರ, ಮೈಸೂರು–ಅರಸೀಕೆರೆ ಪ್ಯಾಸೆಂಜರ್ ರೈಲಿಗೆ.