ಅನ್ನದ ಕೆಳಗಿನ ಪಲ್ಯ

ಜಯಪುರ
೨೪-೯-೨೦೦೭, ಸೋಮವಾರ

ಚಿ. ಭವ್ಯಳಿಗೆ ಅತ್ತೆ ತುಂಗಮ್ಮನ ಆಶೀರ್ವಾದ.

ಈ ವಯಸ್ಸಿನಲ್ಲಿ ನನ್ನ ಕೈಯಲ್ಲಿ ಕಾಗದ ಬರೆಸುತ್ತಿದ್ದೀಯ. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು, ಒತ್ತಕ್ಷರ ಬಂದ ಕಡೆಯೆಲ್ಲ ಬೆವರುತ್ತದೆ. ಬಸ್ ಸ್ಟ್ಯಾಂಡಿನ ಬೂತಿನಿಂದ ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ನಿನ್ನ ಅಣ್ಣ ಸುಬ್ಬಪ್ಪ, ಭವ್ಯ ಗದ್ದೆಗೆ ಹೋಗಿದ್ದಾಳೆ ಅಂದ. ಹಿಂದಿನಿಂದ ನಿನ್ನ ಕೆಮ್ಮು ಕೇಳಿಸಿತು. ಗದ್ದೆಯೇ ನಿಮ್ಮ ಅಡಿಗೆಮನೆಗೆ ಬಂದಿತ್ತೋ ಏನೋ. ಇರಲಿ, ಅವನನ್ನು ಬೈಯಬೇಡ, ತಂಗಿ ಹೇಳಿಕೊಟ್ಟದ್ದನ್ನು ಅವನು ಹೇಳಿದ. ಕಾಗದದ ತಲೆಯಲ್ಲಿ ಚಿ. ಸೌ. ಎಂದು ಬರೆಯುವುದು ರೂಢಿ. ಚಿ. ಬರೆದೆ, ಮುಂದಿನ ಅಕ್ಷರಕ್ಕೆ ಪೆನ್ಸಿಲ್ ಏಳಲಿಲ್ಲ. ನೀನು ಬೇಜಾರು ಮಾಡಿಕೊಳ್ಳಬೇಡ, ನಾನು ಮಾಡಿಕೊಂಡದ್ದೇ ಸಾಕು.

ಆ ಕೆಮ್ಮಿಗೆ ಏನು ಮಾಡುತ್ತಿದ್ದೀಯ? ಶುಂಠಿ ಕಷಾಯಕ್ಕೆ ಕಾಳುಮೆಣಸು ಸೇರಿಸು, ಸಕ್ಕರೆ ಹಾಕಬೇಡ. ನಿಶ್ಚಿತಾಳ ಮುಂದಿನ ಹಲ್ಲು ಬಿದ್ದಿದೆಯಂತೆ, ಮಂಜಯ್ಯ ಹೇಳಿದ. ನಿಮ್ಮ ಶೆಟ್ಟಿಕೊಪ್ಪದ ಸ್ಟಾಪಿನಲ್ಲಿ ಬಸ್ಸಿಗೆ ಕೈ ಬೀಸಿ ನಕ್ಕಳಂತೆ. ಮೊಮ್ಮಗಳ ಹಲ್ಲು ಬಿದ್ದ ಸುದ್ದಿ ನನಗೆ ಡ್ರೈವರನ ಬಾಯಿಂದ ಗೊತ್ತಾಗಬೇಕು. ಈ ಹಾಳೆ ಹರಿದದ್ದು ಅವಳು ಅಂಗನವಾಡಿಗೆ ಹೋಗುತ್ತಿದ್ದಾಗಿನ ಪುಸ್ತಕದಿಂದ. ಮೊದಲ ಎರಡು ಪುಟದಲ್ಲಿ ಅವಳು ಬರೆದ ಅ ಆ ಇದೆ, ಅದನ್ನು ಮುಟ್ಟಿಲ್ಲ. ನನ್ನ ಆರೋಗ್ಯ ಕೇಳಬೇಡ. ಮಂಡಿ ಇದ್ದ ಹಾಗೇ ಇದೆ, ದನಕ್ಕೆ ಹೆಣ್ಣು ಕರು ಹುಟ್ಟಿದೆ.

ಇನ್ನು ವಿಷಯ. ಮಂಜಯ್ಯ ನಿನಗೆ ಗೊತ್ತಲ್ಲ, ನಮ್ಮ ಯಶವಂತ ಕಂಡಕ್ಟರಾಗಿದ್ದ ಬಸ್ಸಿನ ಡ್ರೈವರು. ಶೃಂಗೇರಿಯಿಂದ ಎನ್.ಆರ್. ಪುರಕ್ಕೆ ಇಬ್ಬರೂ ಎಂಟು ವರ್ಷ ಒಟ್ಟಿಗೆ ತಿರುಗಿದವರು. ನಮ್ಮವನು ಹೋದ ಮೇಲೆ ಅವನು ಆ ಲೈನೇ ಬೇಡ ಎಂದು ಶಿವಮೊಗ್ಗದ ಕಡೆಗೆ ಹಾಕಿಸಿಕೊಂಡಿದ್ದ. ಎರಡು ವರ್ಷ ಈ ಮನೆಯ ಕಡೆ ತಲೆ ಹಾಕಲಿಲ್ಲ. ಈಗ ಮತ್ತೆ ಹಳೆಯ ಬಸ್ಸಿಗೆ ಬಂದಿದ್ದಾನೆ. ಗೌರಿಹಬ್ಬದ ದಿನ ಬಾಗಿಲಲ್ಲಿ ನಿಂತು, ಅಮ್ಮಾ, ನಿಮ್ಮ ಮುಖ ನೋಡುವ ಧೈರ್ಯ ಇರಲಿಲ್ಲ ಅಂದ. ಇಲ್ಲದ ಧೈರ್ಯ ಈಗ ಯಾವ ಅಂಗಡಿಯಲ್ಲಿ ಸಿಕ್ಕಿತು ಎಂದು ಗದರಿ, ಕೂರಿಸಿ ಎಲೆ ಹಾಕಿದೆ. ಬೇಲಿಯ ಮೇಲೆ ಅಲಸಂದೆ ಬಳ್ಳಿ ಈ ಸಲ ಜೋರಾಗಿ ಹಬ್ಬಿದೆ. ಆವತ್ತೂ ಅದರದ್ದೇ ಪಲ್ಯ. ನನ್ನ ಪಲ್ಯ ಹೇಗೆಂದು ನಿನಗೆ ಹೇಳಬೇಕಾಗಿಲ್ಲ. ಸಾಸಿವೆ ಕಾಯಿ ಅರೆದು, ಹುಳಿ ಬೆಲ್ಲ ಹಾಕಿ, ಹಸಿರು ಹೋಗಿ ಕಂದು ಬಣ್ಣ ತಿರುಗುವವರೆಗೆ ಬೇಯಿಸಿದ್ದು.

ಒಂದು ತುತ್ತು ಬಾಯಿಗಿಟ್ಟು ಮಂಜಯ್ಯ ಕಣ್ಣು ಒರೆಸಿಕೊಂಡ. ಖಾರವೇನೋ ಎಂದು ನೀರು ಕೊಟ್ಟೆ. ಖಾರ ಅಲ್ಲ ಅಮ್ಮಾ, ಎಂಟು ವರ್ಷ ಮಧ್ಯಾಹ್ನ ಮಧ್ಯಾಹ್ನ ತಿಂದ ಪಲ್ಯ, ಎರಡು ವರ್ಷದ ಮೇಲೆ ಸಿಕ್ಕಿತಲ್ಲ ಅಂದ. ನನಗೆ ಅರ್ಥವಾಗಲಿಲ್ಲ. ಡಬ್ಬಿ ಕಳಿಸುತ್ತಿದ್ದದ್ದು ನನ್ನ ಮಗನಿಗೆ, ನೀನು ಹೇಗೆ ತಿಂದೆ ಎಂದು ಕೇಳಿದೆ. ಅವನು ನನಗೆ ಖುಷಿಯಾಗಲಿ ಎಂದು ಎಲ್ಲ ಬಿಚ್ಚಿ ಹೇಳಿದ, ಪಾಪ. ಎನ್.ಆರ್. ಪುರದ ಸ್ಟ್ಯಾಂಡಿನಲ್ಲಿ ಬಸ್ಸಿನ ಹಿಂದಿನ ಸೀಟಿನಲ್ಲಿ ಇಬ್ಬರೂ ಊಟಕ್ಕೆ ಕೂರುತ್ತಿದ್ದರಂತೆ. ಡಬ್ಬಿಯ ಮೇಲಿನ ತಟ್ಟೆಯ ಪಲ್ಯವನ್ನು ಯಶವಂತ ಹಾಗೇ ಇವನ ಕಡೆ ಸರಿಸುತ್ತಿದ್ದನಂತೆ. ಆಮೇಲೆ ಕೆಳಗಿನ ಡಬ್ಬಿಯ ಅನ್ನವನ್ನು ಬೆರಳಿನಿಂದ ಪಕ್ಕಕ್ಕೆ ಮಾಡಿದರೆ ಅಡಿಯಲ್ಲಿ ಬಾಳೆಲೆ ಚೂರು, ಅದರಲ್ಲಿ ಒಂದು ಹಿಡಿ ಹಸಿರು ಪಲ್ಯ. ಅದು ನಿಂದು, ಇದು ನಂದು ಮಾರಾಯ, ಇದಕ್ಕೆ ಮಾತ್ರ ಕೈ ಹಾಕ್ಬೇಡ ಅನ್ನುತ್ತಿದ್ದನಂತೆ. ಎಂಟು ವರ್ಷದಲ್ಲಿ ಮಂಜಯ್ಯನಿಗೆ ಅದರ ಒಂದು ತುಂಡೂ ಸಿಕ್ಕಿಲ್ಲ. ಅಮ್ಮನಿಗೆ ಯಾಕೆ ಹೇಳುವುದಿಲ್ಲ ಎಂದು ಇವನು ಕೇಳಿದ್ದಕ್ಕೆ ನಮ್ಮವನು ಅಂದದ್ದು ಇಷ್ಟು: "ಡಬ್ಬಿ ಖಾಲಿ ಬಂದ್ರೆ ಅವಳಿಗೆ ಹೊಟ್ಟೆ ತುಂಬ್ತದೆ. ನೀನು ಖಾಲಿ ಮಾಡು."

ಮಂಜಯ್ಯ ಎರಡನೇ ಸಲ ಅನ್ನ ಹಾಕಿಸಿಕೊಂಡು ಉಂಡು ಹೋದ. ನಾನು ಆವತ್ತು ಉಣ್ಣಲಿಲ್ಲ.

ನೀನು ಮದುವೆಯಾಗಿ ಬಂದ ಮೊದಲ ವಾರ ಅಲಸಂದೆ ಪಲ್ಯ ಮಾಡಿದ್ದೆ. ಹಸಿರು ಹಾಗೇ ಇತ್ತು, ಮೇಲೆ ಬಿಳಿ ಕಾಯಿತುರಿ. ಹಸಿ ಹುಲ್ಲು ತಿನ್ನಲು ಕೊಟ್ಟಿಗೆಯಲ್ಲಿ ದನ ಇದೆ ಎಂದು ನಾನು ಬಾಣಲೆ ಸಮೇತ ತೆಗೆದುಕೊಂಡು ಹೋಗಿ ಕಲಗಚ್ಚಿನ ಬಕೆಟ್ಟಿಗೆ ಸುರಿದೆ. ಆಮೇಲೆ ಪಲ್ಯ ನನ್ನದು, ಅನ್ನ ತುಂಬುವುದು ನಿನ್ನದು ಎಂದು ನಾನೇ ಕೆಲಸ ಹಂಚಿದೆ. ನಾನು ಹಾಲು ಕರೆಯಲು ಹೋದ ಹೊತ್ತಿನಲ್ಲಿ ನೀನು ಸಣ್ಣ ಬಾಣಲೆ ಇಡುತ್ತಿದ್ದೆ ಎಂದು ಈಗ ಹೊಳೆಯುತ್ತದೆ. ಕೊಯ್ದು ತಂದ ಅಲಸಂದೆಯಲ್ಲಿ ದಿನಾ ಒಂದು ಹಿಡಿ ಕಡಿಮೆ ಇರುತ್ತಿತ್ತು. ಕೇಳಿದರೆ ಹುಳು ಹಿಡಿದಿತ್ತು ಅತ್ತೆ, ಬಿಸಾಡಿದೆ ಅನ್ನುತ್ತಿದ್ದೆ. ಕಳ್ಳಿ. ಸಂಜೆ ಬಂದ ಡಬ್ಬಿಯ ಮುಚ್ಚಳ ತೆಗೆದು ನಾನು ನಿನ್ನ ಮೂಗಿನ ಹತ್ತಿರ ಹಿಡಿದು, ನೋಡು, ಒಂದು ಚೂರು ಬಿಟ್ಟಿಲ್ಲ, ಇದು ಪಲ್ಯ ಅಂದರೆ ಅನ್ನುತ್ತಿದ್ದೆನಲ್ಲ. ಎಷ್ಟು ಸಲ ಅಂದಿರಬಹುದು? ನೀನು ಹೂಂ ಅತ್ತೆ ಎಂದು ತೆಗೆದುಕೊಂಡು ಹೋಗಿ ತೊಳೆಯುತ್ತಿದ್ದೆ. ಒಂದು ದಿನವಾದರೂ ನಿನ್ನ ತುಟಿ ಅಲುಗಲಿಲ್ಲ. ನಾನಾಗಿದ್ದರೆ ಊರಿಗೆಲ್ಲ ಸಾರುತ್ತಿದ್ದೆ.

ಇದನ್ನೆಲ್ಲ ಬರೆಯಲು ಒಂದು ಕಾರಣ ಇದೆ. ಹೋದ ವರ್ಷ ಮಹಾಲಯ ಅಮಾವಾಸ್ಯೆಗೆ ಯಶವಂತನಿಗೆ ಮೊದಲ ಎಡೆ ಇಟ್ಟೆ. ಸತ್ತವರಿಗೆ ಇಷ್ಟವಾದದ್ದನ್ನೇ ಮಾಡಿ ಬಡಿಸಬೇಕು, ವರ್ಷಕ್ಕೊಂದು ದಿನ ಬರುತ್ತಾರೆ. ನಿನ್ನನ್ನು ಕರೆಯಲಿಲ್ಲ. ಪಕ್ಕದ ಮನೆ ಕಮಲಕ್ಕ, ಹೆಂಡತಿ ಇಲ್ಲದೆ ಎಂಥ ಎಡೆ ತುಂಗಕ್ಕ ಅಂದದ್ದಕ್ಕೆ ಅವಳ ಮೇಲೂ ಹಾರಿದೆ. ಹೆತ್ತವಳು ನಾನಿರುವಾಗ ಅವನ ನಾಲಿಗೆ ಇನ್ಯಾರಿಗೆ ಗೊತ್ತು ಎಂದೆ. ಅವನ ಖಾಕಿ ಅಂಗಿ ಮಡಿಸಿಟ್ಟು, ಎಲೆಯ ತುಂಬ ನನ್ನ ಪಲ್ಯ ಬಡಿಸಿ, ಬಾಗಿಲು ಮುಚ್ಚಿ ಹೊರಗೆ ಕೂತೆ. ಆಮೇಲೆ ಹಂಚಿನ ಮೇಲೆ ಕಾಗೆಗೆ ಇಟ್ಟರೆ ಅದು ವಡೆ ಕಚ್ಚಿಕೊಂಡು ಹಾರಿತು, ಪಲ್ಯದ ಕಡೆ ನೋಡಲೂ ಇಲ್ಲ. ಕಾಗೆಯನ್ನು ಬೈದೆ. ಈಗ ಯಾರನ್ನು ಬೈಯಲಿ? ಬದುಕಿದ್ದಾಗ ಬೇಡದ ಪಲ್ಯವನ್ನು ಪಕ್ಕಕ್ಕೆ ಸರಿಸಲು ಅವನಿಗೆ ಮಂಜಯ್ಯನಾದರೂ ಇದ್ದ. ಆ ಮುಚ್ಚಿದ ಕೋಣೆಯಲ್ಲಿ ಯಾರಿದ್ದರು? ವರ್ಷಕ್ಕೆ ಒಂದೇ ಒಂದು ಊಟಕ್ಕೆ ಬಂದವನನ್ನು ಹೆತ್ತ ತಾಯಿ ಹಸಿದು ಕಳಿಸಿದೆ.

ಸರಿ, ನಾನೇ ಮಾಡಿಬಿಡುತ್ತೇನೆ, ಅದೇನು ದೊಡ್ಡ ವಿದ್ಯೆ ಎಂದು ಹೊರಟೆ. ಮೊದಲ ದಿನ ಮುಚ್ಚಿ ಬೇಯಿಸಿದೆ, ಹಳದಿಗೆ ತಿರುಗಿತು. ಮಾರನೇ ದಿನ ಮುಚ್ಚದೆ ಬೇಯಿಸಿದೆ, ಮೇಲೆ ಸುಟ್ಟು ಒಳಗೆ ಹಸಿ. ಮೂರನೇ ದಿನ ಸ್ವಲ್ಪ ಸ್ವಲ್ಪ ನೀರು ಚಿಮುಕಿಸಿ, ಹಸಿಮೆಣಸು, ಕರಿಬೇವು ಹಾಕಿ, ಉಪ್ಪು ಕೊನೆಗೆ ಹಾಕಿದೆ. ಹಸಿರು ಉಳಿಯಿತು. ಗೆದ್ದೆ ಎಂದುಕೊಂಡು ತಟ್ಟೆಗೆ ಹಾಕಿಕೊಂಡು ಕೂತೆ. ತಿಂದೆ. ಸರಿಯಾಗಿದೆಯೋ ಇಲ್ಲವೋ ಗೊತ್ತಾಗಲಿಲ್ಲ. ಹೇಗೆ ಗೊತ್ತಾಗಬೇಕು ಮಾರಾಯ್ತಿ, ನಿನ್ನ ಪಲ್ಯವನ್ನು ನಾನು ಒಂದು ಸಲವೂ ಬಾಯಿಗೆ ಹಾಕಿದವಳಲ್ಲ. ಅದರ ರುಚಿ ಗೊತ್ತಿದ್ದವನು ಹೋದ, ಮಾಡುವವಳು ಶೆಟ್ಟಿಕೊಪ್ಪದಲ್ಲಿ ಕೂತಿದ್ದೀಯ.

ಈ ಸಲ ಮಹಾಲಯ ಅಮಾವಾಸ್ಯೆ ಅಕ್ಟೋಬರ್ ಹನ್ನೊಂದು, ಗುರುವಾರ. ನೀನು ಬುಧವಾರವೇ ಬಾ. ನಿಶ್ಚಿತಾಳನ್ನೂ ಕರೆದುಕೊಂಡು ಬಾ. ಒಲೆ ನಿನ್ನದು. ನಾನು ಕೊಟ್ಟಿಗೆಯಲ್ಲಿರುತ್ತೇನೆ, ಕರೆಯದೆ ಅಡಿಗೆಮನೆಗೆ ಕಾಲಿಡುವುದಿಲ್ಲ. ಬೇಲಿಯ ಅಲಸಂದೆ ಎಳೆಯದಾಗಿಯೇ ಇರುವಂತೆ ನೋಡಿಕೊಳ್ಳುತ್ತಿದ್ದೇನೆ, ಬಲಿತದ್ದನ್ನೆಲ್ಲ ಕಮಲಕ್ಕನಿಗೆ ಕೊಯ್ದು ಕೊಡುತ್ತಿದ್ದೇನೆ. ನಿನ್ನ ಸಣ್ಣ ಬಾಣಲೆ ತಿಕ್ಕಿಟ್ಟಿದ್ದೇನೆ. ನಿನ್ನ ತಾಯಿಗೂ ಸುಬ್ಬಪ್ಪನಿಗೂ ಕೇಳಿದೆ ಎಂದು ಹೇಳು. ಮಗುವಿಗೆ ಮುತ್ತು.

ಇಂತಿ
ನಿನ್ನ ಅತ್ತೆ
ತುಂಗಮ್ಮ

ಮರೆತದ್ದು: ಮಂಜಯ್ಯ ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ನಿಜವಾಗಿ ಮರೆತದ್ದಲ್ಲ, ಮೇಲೆ ಬರೆಯಲು ಆಗಲಿಲ್ಲ. ಕಾಮಾಲೆ ಜೋರಾಗಿ ಆಸ್ಪತ್ರೆಯಲ್ಲಿ ಮಲಗಿದ್ದಾಗ ಅವನು ಪಲ್ಯ ಬೇಕು ಅಂದ. ನೀನು ಮಾಡಿ ತರುತ್ತೇನೆ ಎಂದು ಎದ್ದೆ, ನಾನು ಕೂರಿಸಿ ನನ್ನದನ್ನು ತಂದೆ. ಎರಡು ತುತ್ತು ತಿಂದು, ಚೆನ್ನಾಗಿದೆ ಅಮ್ಮ, ಸಾಕು ಎಂದು ಗೋಡೆಯ ಕಡೆ ತಿರುಗಿದ. ಕಾಯಿಲೆಗೆ ನಾಲಿಗೆ ಕೆಟ್ಟಿದೆ ಎಂದುಕೊಂಡೆ. ನೀನು ಮಂಚದ ಪಕ್ಕ ನೀರಿನ ಲೋಟ ಹಿಡಿದು ನಿಂತಿದ್ದೆ. ಅವನು ಹೋದ ಇಪ್ಪತ್ತನೇ ದಿನ ನೆಂಟರ ಎದುರು, ನೀನು ತುಂಬಿ ಕಳಿಸಿದ ಅನ್ನ ತಿಂದೇ ಅವನ ಪಿತ್ತ ಕೆಟ್ಟಿತು, ನೀನೇ ತಿಂದೆ ಅವನನ್ನು ಎಂದೆನಲ್ಲ, ಆ ಮಾತಿಗೇ ನೀನು ಮಗುವನ್ನು ಎತ್ತಿಕೊಂಡು ಹೋದೆ. ಭವ್ಯ, ಕಾಮಾಲೆ ಬಂದದ್ದು ಎಲ್ಲೋ ಕುಡಿದ ನೀರಿನಿಂದ ಎಂದು ಡಾಕ್ಟರು ನನ್ನನ್ನು ಕೂರಿಸಿಕೊಂಡು ಮೊದಲ ದಿನವೇ ಹೇಳಿದ್ದರು. ನನಗೆ ಗೊತ್ತಿತ್ತು. ಗೊತ್ತಿದ್ದೇ ಅಂದೆ. ಯಾರ ಮೇಲಾದರೂ ಹಾಕಬೇಕಿತ್ತು, ನೀನು ಎದುರಿಗಿದ್ದೆ. ಇದನ್ನು ನೆಂಟರೆದುರು ಬೇಕಾದರೂ ಹೇಳುತ್ತೇನೆ, ಎಡೆ ಕೋಣೆಯಲ್ಲಿ ಅವನೆದುರು ಬೇಕಾದರೂ ಹೇಳುತ್ತೇನೆ. ಬರುತ್ತೀಯೋ ಇಲ್ಲವೋ ಬರೆದು ಮಂಜಯ್ಯನ ಕೈಯಲ್ಲಿ ಕೊಡು. ಅಕ್ಟೋಬರ್ ಐದು, ಶುಕ್ರವಾರದ ಒಳಗೆ ನನಗೆ ಉತ್ತರ ಬೇಕು.